ಹಾಜರಿ ಪುಸ್ತಕದಲ್ಲಿ ನನ್ನ ಹೆಸರು

ಕ್ಯಾಥೊಲಿಕ್ ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯವೊಂದರಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಹೊಸಕೋಟೆಯ ತರಕಾರಿ ವ್ಯಾಪಾರಿಗಳ ಮಕ್ಕಳು, ಮಣಿಪುರದವರು, ಆಫ್ರಿಕಾದಿಂದ ಬಂದವರು ಎಲ್ಲರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರಿಗೂ ಕಡ್ಡಾಯವಾದ ಒಂದು ವಿಷಯವಿದೆ: ವಿಶ್ವ ಪೌರತ್ವ ಮತ್ತು ಪ್ರಜಾಪ್ರಭುತ್ವ. ಅದನ್ನು ಕಲಿಸುವವನು ನಾನೇ.

ನಮ್ಮ ವಿಭಾಗದ ಮುಖ್ಯಸ್ಥರು ಕರಾವಳಿ ಕಡೆಯ ವಯಸ್ಸಾದ ಫಾದರ್. ವರ್ಷಕ್ಕೆರಡು ಸಲ ಅವರು ಸಭಾಂಗಣದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ವಿದ್ಯಾರ್ಥಿಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಯಾರು ಏನು ಬೇಕಾದರೂ ಕೇಳಬಹುದಿತ್ತು. ಒಮ್ಮೆ ಗುಡಿಸುವ ಹೆಂಗಸೊಬ್ಬಳು ಎದ್ದು, "ನಮ್ಗೆ ಕೂತು ಉಣ್ಣಕ್ಕೆ ಜಾಗ ಇಲ್ಲ ಫಾದರ್, ಮೆಟ್ಲು ಕೆಳಗೆ ಉಣ್ತೀವಿ" ಅಂದಳು. ಅವರು ಕುರ್ಚಿಯಿಂದ ಎದ್ದು, "ತಪ್ಪು ನನ್ನದು. ದಿನಾ ಆ ಮೆಟ್ಟಿಲು ಹತ್ತುತ್ತೇನೆ, ಒಮ್ಮೆಯೂ ಬಗ್ಗಿ ನೋಡಲಿಲ್ಲ" ಅಂದರು. ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಪುಸ್ತಕದ ಪಾಠ ಸಾಲದು, ಮಕ್ಕಳು ಹಳ್ಳಿಗೆ ಹೋಗಿ ಪಂಚಾಯಿತಿ ಹೇಗೆ ನಡೆಯುತ್ತದೆ ನೋಡಬೇಕು ಎಂದು ಫಾದರ್ ಹೇಳಿದಾಗ, "ನಮ್ಮೂರಿಗೇ ಕರ್ಕೊಂಡ್ಹೋಗ್ತೀನಿ ಫಾದರ್" ಅಂದೆ. ಜಂಬದಿಂದಲೇ ಅಂದೆ. ಅರಿಶಿನಕುಂಟೆ ದಾಟಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ನಮ್ಮೂರು. ಹೊಲ, ತೋಟ ಇರುವ ಮನೆತನ ನಮ್ಮದು. ಅಣ್ಣ ಪಂಚಾಯಿತಿ ಮೆಂಬರು. ನಾನು ನೆಲಮಂಗಲದಲ್ಲಿ ಮನೆ ಮಾಡಿಕೊಂಡಿದ್ದರೂ ನನ್ನ ಓಟು ಮಾತ್ರ ಇನ್ನೂ ಊರಲ್ಲೇ ಇದೆ.

ನಾವು ಹೋದ ದಿನ ಪಂಚಾಯಿತಿ ಆಫೀಸಿನ ಜಗುಲಿಯ ಮೇಲೆ ಕಾಲೋನಿಯ ವಿಧವೆಯೊಬ್ಬಳು ಕೂತಿದ್ದಳು. ಮಕ್ಕಳು ಮಾತಾಡಿಸಿದಾಗ ಹೇಳಿದಳು: "ಸರ್ಕಾರ ಮನೆ ಕೊಡೋ ಪಟ್ಟೀಲಿ ನನ್ ಹೆಸ್ರಿತ್ತು ಕಣವ್ವ. ಆಮೇಲೆ ತೆಗ್ದಾಕ್ಬಿಟ್ರು. ಯಾರು ತೆಗೆದ್ರು ಅಂತ ಕೇಳಿದ್ರೆ ಗ್ರಾಮಸಭೆ ತೆಗೀತು ಅಂತಾರೆ. ಸಭೆ ಆಯ್ತು ಅಂತ ನಮ್ ಕಾಲೋನೀಲಿ ಒಬ್ರಿಗೂ ಗೊತ್ತಿಲ್ಲ."

ಹೊಸಕೋಟೆಯ ಹುಡುಗಿಯೊಬ್ಬಳಿದ್ದಳು, ಕ್ಲಾಸಿನಲ್ಲಿ ಚುರುಕು. ಸೀದಾ ಒಳಗೆ ಹೋಗಿ ಆ ಸಭೆಯ ಹಾಜರಿ ಪುಸ್ತಕ ಕೇಳಿದಳು. ಗುಮಾಸ್ತ ನನ್ನ ಮುಖ ನೋಡಿದ. ಮೆಂಬರರ ತಮ್ಮ ಎಂದು ಪುಸ್ತಕ ಕೊಟ್ಟ. ಅವಳು ಒಂದೊಂದೇ ಹೆಸರು ಓದಿ ಜೊತೆಯ ತಾಂಜಾನಿಯಾದ ಹುಡುಗನಿಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಬಂದವಳು ಒಂದು ಕಡೆ ನಿಂತಳು.

"ಸಾರ್, ಇದು ನಿಮ್ಮ ಹೆಸರಲ್ವಾ?"

ನನ್ನದೇ. ಅಪ್ಪನ ಹೆಸರಿನ ಸಮೇತ. ಪಕ್ಕದ ಸಹಿ ಅಣ್ಣನ ಕೈಯದು. ಹಿಂದೊಮ್ಮೆ ಫೋನ್ ಮಾಡಿ, "ಲೇ, ಸಭೆಗೆ ಜನ ಸಾಲ್ತಿಲ್ಲ, ನಿನ್ ಸೈನು ನಾನೇ ಹಾಕ್ಕೊಳ್ತೀನಿ ಕಣೋ" ಅಂದಿದ್ದ. "ಹಾಕ್ಕೋ ಅಣ್ಣ" ಅಂದಿದ್ದೆ. ಆಮೇಲೆ ಅವನು ಕೇಳುವುದನ್ನೂ ಬಿಟ್ಟಿದ್ದ. ನಾನೂ ವಿಚಾರಿಸಲಿಲ್ಲ.

"ನಮ್ಮೂರಲ್ಲಿ ಆ ಹೆಸರಿನೋರು ಇನ್ನೊಬ್ರಿದಾರಮ್ಮ" ಅಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಅವಳು "ಹೌದಾ ಸಾರ್" ಅಂದು ಹಾಳೆ ತಿರುವಿದಳು.

ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ಅಣ್ಣ ತಾನೇ ನಿಂತು ಎಲ್ಲರಿಗೂ ಮುದ್ದೆ, ಅವರೆಕಾಳು ಸಾರು ಬಡಿಸಿದ. ನಾನು ಅವನನ್ನು ಕೊಟ್ಟಿಗೆ ಹಿಂದಕ್ಕೆ ಕರೆದು, "ಆ ಯಮ್ಮನ ಹೆಸರು ಯಾಕಣ್ಣ ತೆಗೆದ್ರಿ?" ಅಂದೆ.

"ಕಳೆದ ಎಲೆಕ್ಷನ್ನಲ್ಲಿ ಆ ಕಡೆಯೋರ ಜೊತೆ ಓಡಾಡಿದ್ಲು. ನಿಂಗ್ಯಾಕ್ಲಾ ಅದೆಲ್ಲ?"

"ಸಭೆನಾದ್ರೂ ನಡೀತಾ?"

"ನಡೀತು ಅಂತ ನೀನೇ ಸೈನ್ ಹಾಕಿದೀಯಲ್ಲೋ!" ಅಂತ ನಕ್ಕು, ಸಾರಿನ ಪಾತ್ರೆ ಹಿಡಿದು ಒಳಗೆ ಹೋದ. ನಾನೂ ಹೋಗಿ ಪಂಕ್ತಿಯಲ್ಲಿ ಕೂತೆ. ಊಟವನ್ನೂ ಮಾಡಿದೆ.

ವಾರದ ನಂತರ ಮಕ್ಕಳ ವರದಿಗಳು ಬಂದವು. ಹೊಸಕೋಟೆ ಹುಡುಗಿ ವಿಧವೆಯ ಮಾತನ್ನು ಅಕ್ಷರಕ್ಕಕ್ಷರ ಬರೆದಿದ್ದಳು. ನನ್ನ ಹೆಸರಿನ ವಿಷಯ ಎಲ್ಲೂ ಇರಲಿಲ್ಲ. ಅವಳು ನನ್ನನ್ನು ನಂಬಿದ್ದಳೋ ಕಾಪಾಡಿದ್ದಳೋ ತಿಳಿಯದೆ, ಆ ವರದಿಗೆ ಅಂಕ ಹಾಕಲು ಕೈ ಬರಲಿಲ್ಲ. ಎರಡು ದಿನ ಹೆಣಗಾಡಿ ಕೊನೆಗೆ ಫಾದರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ.

"ನನ್ನ ಹತ್ತಿರ ಹೇಳಿ ಏನಾಯಿತು ಮೇಷ್ಟ್ರೇ? ಸುಳ್ಳು ಹೇಳಿದ್ದು ಆ ಹುಡುಗಿಗೆ. ಮನೆ ತಪ್ಪಿಹೋದದ್ದು ಆ ಹೆಂಗಸಿಗೆ."

ಮರುದಿನ ಕ್ಲಾಸಿನಲ್ಲಿ ಎಲ್ಲರೆದುರು, ಆ ಹೆಸರು ನನ್ನದೇ ಎಂದು ಹೇಳಿದೆ. ಆ ಹುಡುಗಿ ತಲೆ ತಗ್ಗಿಸಿಕೊಂಡು, "ಗೊತ್ತಿತ್ತು ಸಾರ್. ಆ ಸಭೆ ತಾರೀಖಲ್ಲಿ ನೀವು ನಮಗೆ ಕ್ಲಾಸ್ ತಗೊಂಡಿದ್ರಿ. ನೋಟ್ಸಲ್ಲಿ ಇದೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಬದಲು ಅವಳು ನಾಚಿದ್ದಳು. ಅದಕ್ಕಿಂತ ದೊಡ್ಡ ಅವಮಾನ ನನಗೆ ಆಗಿಲ್ಲ.

ಮುಂದಿನ ಗ್ರಾಮಸಭೆಗೆ ರಜೆ ಹಾಕಿ ಹೋದೆ. ಎದ್ದು ನಿಂತು, ಹಿಂದಿನ ಪುಸ್ತಕದಲ್ಲಿರುವ ಸಹಿ ನನ್ನದಲ್ಲ, ಆ ದಿನ ನಾನು ಊರಲ್ಲೇ ಇರಲಿಲ್ಲ, ಆ ತೀರ್ಮಾನ ಮತ್ತೆ ನೋಡಬೇಕು ಎಂದು ಬರೆದುಕೊಟ್ಟೆ. ಅಣ್ಣ ನೆಲ ನೋಡುತ್ತಾ ಕೂತಿದ್ದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಹಬ್ಬಕ್ಕೆ ಅತ್ತಿಗೆ ಫೋನ್ ಮಾಡುತ್ತಾರೆ, ಅಷ್ಟೇ. ವಿಧವೆಯ ಹೆಸರನ್ನು ಮತ್ತೆ ತಾಲ್ಲೂಕಿಗೆ ಕಳಿಸಿದ್ದಾರೆ ಅಂತ ಗುಮಾಸ್ತ ಹೇಳುತ್ತಾನೆ. ಮನೆ ಇನ್ನೂ ಬಂದಿಲ್ಲ.

ಆ ದಿನ ಸಭೆ ಮುಗಿದ ಮೇಲೆ, ಅಲ್ಲಿಗೆ ಬಂದಿದ್ದ ವಿಧವೆಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವಳು ಸೆರಗು ಸರಿಮಾಡಿಕೊಂಡು, "ಇಷ್ಟು ವರ್ಸ ನಿಮ್ಮನ್ನ ಸಭೇಲಿ ಕಂಡಿದ್ದೇ ಇಲ್ವಲ್ಲಪ್ಪ" ಅಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ. ಅಷ್ಟು ಹೇಳಿ ಅವಳು ಹೆಂಗಸರ ಜೊತೆ ಕಾಲೋನಿ ದಾರಿ ಹಿಡಿದಳು.