ಮೇಲಿನ ನೀರು, ಕೆಳಗಿನ ನೀರು

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನನ್ನ ಕಥೆ ಮುಗಿಯಿತು. ಊರು ದಾಟುವುದರೊಳಗೆ ತಲೆ ಸರಳಿಗೆ ತಾಗಿರುತ್ತದೆ. ಅದು ಪೂರ್ತಿ ನಿದ್ದೆಯೂ ಅಲ್ಲ. ಎಡಗಡೆ ಸಮುದ್ರ ಕಂಡು ಮರೆಯಾಗುವುದು, ತೋಡೂರಿನಲ್ಲಿ ಯಾರೋ ಇಳಿಯುವುದು, ಪಕ್ಕದವರ ಬುಟ್ಟಿಯ ಮೀನಿನ ವಾಸನೆ, ಎಲ್ಲವೂ ಕನಸಿನೊಳಗೆ ಬಂದು ಹೋಗುತ್ತವೆ. ಒಂದು ದಿನ ಹಾಗೆ ಕಣ್ಣು ಮುಚ್ಚಿದ್ದಾಗ ಯಾರೋ ಎತ್ತರದ ದನಿಯಲ್ಲಿ ನನ್ನನ್ನು ಕೇಳಿದರು:

ಮೇಲಿನ ನೀರ ಬಿಟ್ಟೆನೇ ಗೆಳತಿ, ಬಂತೇನೇ ನಿನ್ನ ಬಾಗಿಲಿಗೆ...

ನಾನು ಕಣ್ಣು ತೆರೆಯದೆ, ಬಸ್ಸಿಗೆಲ್ಲ ಕೇಳುವ ಹಾಗೆ, "ಬಂತೇ, ಬಂತೇ" ಎಂದುಬಿಟ್ಟೆ. ಪಕ್ಕದ ಮೀನಿನ ಬುಟ್ಟಿಯ ಹೆಂಗಸು ನನ್ನ ತೋಳು ಅಲುಗಾಡಿಸಿ, "ಎಂತ ಬಂತೇ ತಂಗಿ? ಇನ್ನೂ ಬಿಣಗಾನೇ ಬರ್ಲಿಲ್ಲ" ಎಂದಳು. ಎದ್ದು ನೋಡಿದರೆ ಡ್ರೈವರನ ತಲೆಯ ಮೇಲಿನ ಸ್ಪೀಕರಿನಲ್ಲಿ ನಮ್ಮ ಹಾಡು ನಡೆದಿತ್ತು. ನಮ್ಮದು ಎಂದರೆ ನಿಜಕ್ಕೂ ನಮ್ಮದೇ, ಮೂವರು ಹುಡುಗಿಯರು ಸೇರಿ ಮಾಡಿದ ಮೊದಲ ಹಾಡು. ಕೇಳಿದ ಗೆಳತಿಯ ದನಿ ಕದ್ರಾದವಳದ್ದು. ಉತ್ತರ ಕೊಡುವ ದನಿ ನನ್ನದು.

ಕಾರವಾರದಲ್ಲಿ ಕಾಲೇಜು ಓದುವಾಗ ನಾವು ಒಂದಾದದ್ದು. ಕದ್ರಾ ಎಂದರೆ ಕಾಳಿ ನದಿಗೆ ಡ್ಯಾಮು ಕಟ್ಟಿದ ಮೇಲಿನ ಊರು, ಅವಳ ಅಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಅವಳು ಕ್ವಾರ್ಟರ್ಸಿನಲ್ಲಿ ಬೆಳೆದ ಶಿಸ್ತಿನ ಹುಡುಗಿ, ಸಂಗೀತ ಕಲಿತವಳು, ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಮುಖ ಕಿವುಚುವವಳು. ಇನ್ನೊಬ್ಬಳು ಗೋವಾ ಗಡಿಯ ಮಾಜಾಳಿಯ ಮೀನುಗಾರರ ಮನೆಯವಳು. ಅವಳ ಅಣ್ಣ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗಿ ಬರುವಾಗ ಅಲ್ಲಿನ ಹೊಸ ಹಾಡುಗಳನ್ನು ಮೊಬೈಲಿನಲ್ಲಿ ಹೊತ್ತು ತರುತ್ತಿದ್ದ. ತಾಳ, ಕೀಬೋರ್ಡು, ಕುಣಿತ, ಕೊನೆಗೆ ನಮ್ಮ ಬಟ್ಟೆ ಎಲ್ಲವೂ ಅವಳದೇ ಜವಾಬ್ದಾರಿ. ಮಡಗಾಂವಿನ ಪೇಟೆಯಿಂದ ಮೂವರಿಗೂ ಒಂದೇ ನಮೂನೆಯ ಜೀನ್ಸ್ ಜಾಕೆಟ್ ತಂದಿದ್ದಳು. ಕಾರವಾರದ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಕುಣಿದ ನಮ್ಮನ್ನು ದೇವರೇ ಕಾಪಾಡಿದ. ಮೂರನೆಯವಳು ನಾನು, ಅಂಕೋಲೆ ಕಡೆಯ ಗದ್ದೆ ಕೆಲಸದ ಮನೆಯವಳು, ಸಂಗೀತ ಕಲಿಯದವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು. ಗುಂಪಿಗೆ ಒಂದು ಇಂಗ್ಲಿಷ್ ಹೆಸರನ್ನೂ ಇಟ್ಟಿದ್ದೆವು. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಹಾಡು ಹುಟ್ಟಿದ್ದು ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಕದ್ರಾದವಳು ಮನೆ ನೆನಪಾಗಿ ಮುಖ ಸಣ್ಣ ಮಾಡಿ ಕೂತಿದ್ದಳು. ಬೆಳಿಗ್ಗೆ ಅಮ್ಮ ಫೋನು ಮಾಡಿದಾಗ ಹಿಂದುಗಡೆ ಡ್ಯಾಮಿನ ಸೈರನ್ ಕೇಳಿತಂತೆ, ಗೇಟು ತೆಗೆದರಂತೆ. "ಆ ನೀರು ಈಗ ಇಲ್ಲಿಗೆ ಬಂದಿರ್ತದೆ ಅಲ್ವಾ?" ಎಂದಳು. ನಾನು ಚಪ್ಪಲಿ ಬಿಟ್ಟು ನೀರಿಗಿಳಿದು, "ಬಂತು ಬಂತು, ಕಾಲೆಲ್ಲ ನೆನೀತು" ಎಂದು ಕೂಗಿದೆ. ಮಾಜಾಳಿಯವಳು ಅಲ್ಲೇ ಒಂದು ಕಲ್ಲಿನ ಮೇಲೆ ತಾಳ ಹಾಕಿದಳು. ಮೇಲಿನೂರಿನ ಹುಡುಗಿ ನೀರು ಬಿಡುವುದು, ಕಡಲಬದಿಯ ಹುಡುಗಿ ಅದನ್ನು ಹಿಡಿಯುವುದು, ಹಾಡೆಂದರೆ ಅಷ್ಟೇ. "ಕಾಳಿ ನಿಮ್ಮ ಅಂಕೋಲೆಗೆ ಬರೋದೇ ಇಲ್ಲ, ನೀ ಎಲ್ಲಿಂದ ಹಿಡೀತೆ?" ಎಂದು ಮಾಜಾಳಿಯವಳು ಕಾಲೆಳೆದಳು. ಸಮುದ್ರ ಒಂದೇ ಎಂದು ನಾನು ಜಗಳಕ್ಕೆ ನಿಂತೆ.

ನನ್ನ ಉತ್ತರದ ಸಾಲು ಹೀಗಿತ್ತು: ಬಂತೇ ಬಂತೇ, ಕಾಲು ನೆನೀತೇ, ಉಪ್ಪಾಗೋ ಮೊದಲು ಕುಡಿದೆನೇ.

ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಟುಡಿಯೋ ಇತ್ತು. ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದಿದ್ದರು. ಸದ್ದು ಬರುತ್ತದೆಂದು ಫ್ಯಾನು ನಿಲ್ಲಿಸಿದರೆ ಬೆವರಿನಲ್ಲಿ ಸ್ನಾನ. ರೆಕಾರ್ಡಿಂಗ್ ಮಾಡುವವನು ಒಬ್ಬೊಬ್ಬರಾಗಿ ಹಾಡಿ ಎಂದ. ಕದ್ರಾದವಳು ಒಂದೇ ಸಲಕ್ಕೆ ಮುಗಿಸಿ ಹೊರಬಂದಳು. ನನ್ನ ಸರದಿ ಬಂದಾಗ ಕಿವಿಗೆ ಹೆಡ್‌ಫೋನು ಹಾಕಿ ಒಬ್ಬಳನ್ನೇ ನಿಲ್ಲಿಸಿದರು. ಕಿವಿಯಲ್ಲಿ ಅವಳ ದನಿ ಇದೆ, ಎದುರಿಗೆ ಅವಳ ಬಾಯಿ ಇಲ್ಲ. ನನಗೆ ಹಾಡು ಹೊರಡಲೇ ಇಲ್ಲ.

ಇದಕ್ಕೆ ನಮ್ಮ ಮನೆಯೇ ಕಾರಣ. ನಮ್ಮಲ್ಲಿ ಹೆಂಗಸರು ಗದ್ದೆಯಲ್ಲಾಗಲಿ ಮದುವೆ ಚಪ್ಪರದಲ್ಲಾಗಲಿ ಒಬ್ಬರೇ ಹಾಡುವುದಿಲ್ಲ. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅವಳ ಬಾಯಿಯನ್ನೇ ನೋಡುತ್ತ ಕಾದು, ಆ ಸಾಲು ಮುಗಿಯುವ ಮೊದಲೇ ಹಿಡಿಯಬೇಕು. ಎತ್ತಿದವಳಿಗೆ ಉಸಿರು ಸಾಲದೇ ಹೋದರೂ ಹಾಡು ನಿಲ್ಲಬಾರದು. ಚಿಕ್ಕಂದಿನಲ್ಲಿ ನಾನು ತಡಮಾಡಿದರೆ ಅಜ್ಜಿ ಮಂಡಿಗೆ ಒಂದು ಕೊಟ್ಟು, "ಎಂತ ನೋಡ್ತೆ ಮಗಾ? ಅದು ಬಿದ್ದೋಗ್ತದೆ, ಹಿಡಿ!" ಎನ್ನುತ್ತಿದ್ದಳು. ಸೊಲ್ಲು ಎಂದರೆ ಏಣಿಯ ಮೇಲಿನವಳು ಕೆಳಗೆ ಎಸೆಯುವ ತೆಂಗಿನಕಾಯಿ ಎಂದೇ ನಾನು ತಿಳಿದಿದ್ದೆ.

ಕೊನೆಗೆ ರೆಕಾರ್ಡಿಂಗಿನವನು ತಲೆ ಚಚ್ಚಿಕೊಂಡು ನಮ್ಮಿಬ್ಬರನ್ನೂ ಒಂದೇ ಮೈಕಿನ ಮುಂದೆ ಎದುರು ಬದುರು ನಿಲ್ಲಿಸಿದ. ಈಗ ಹಾಡು ಬಂತು, ಆದರೆ ಪ್ರತಿ ಸಲವೂ ನಾನು ಅವಳ 'ಬಾಗಿಲಿಗೆ'ಯ ಕೊನೆಯ 'ಗೆ' ಮೇಲೇ ಬಿದ್ದೆ. ಅವನು ಮತ್ತೆ ಮತ್ತೆ ಹಾಡಿಸಿದ, ನಾನು ಮತ್ತೆ ಮತ್ತೆ ಬಿದ್ದೆ, ಅವನು ಸೋತ. ಹೊರಗೆ ಬಂದ ಮೇಲೆ ಕದ್ರಾದವಳು ಮುಖ ಊದಿಸಿಕೊಂಡು, "ನನ್ನ 'ಗೆ' ತಿಂದ್ಹಾಕಿದಿ ನೀನು. ಎಷ್ಟು ಚಂದ ಎಳೆದಿದ್ದೆ ನಾನು" ಎಂದಳು. ಐಸ್‌ಕ್ರೀಮು ಕೊಡಿಸಿದರೂ ಅವಳ ಮುಖದ ಊತ ಇಳಿಯಲಿಲ್ಲ. ಆಮೇಲೆ ಅದು ನಮ್ಮೊಳಗಿನ ತಮಾಷೆಯಾಯಿತು. ಫೋನು ಇಡುವಾಗೆಲ್ಲ, "ನನ್ನ 'ಗೆ' ಯಾವಾಗ ವಾಪಸ್ ಕೊಡ್ತೆ?" ಎಂದೇ ಅವಳು ಇಡುತ್ತಿದ್ದಳು.

ಹಾಡು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಬಸ್ಸು, ರಿಕ್ಷಾ, ಮದುವೆಯ ಡಿಜೆ, ಎಲ್ಲ ಕಡೆ ಹತ್ತಿತು. ನಾವು ಮಾತ್ರ ಚದುರಿದೆವು. ಮಾಜಾಳಿಯವಳು ಗೋವಾದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದಳು. ನಾನು ಕಾರವಾರದ ಕಚೇರಿಯೊಂದಕ್ಕೆ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿಬರುವವಳಾದೆ. ಕದ್ರಾದವಳು ಊರಿನಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು, ಕುತ್ತಿಗೆಯ ಗ್ರಂಥಿಯ ಆಪರೇಷನ್ ಆಗುವವರೆಗೆ. ಜೀವಕ್ಕೆ ಏನೂ ಆಗಲಿಲ್ಲ. ಎತ್ತರದ ದನಿ ಹೋಯಿತು. ಅವಳು ಆಸ್ಪತ್ರೆಯಿಂದ ಬಂದ ಮೇಲೆ ನಾನು ಮೊದಲ ಸಲ ಫೋನು ಮಾಡಿದಾಗ ಯಾರೋ ಗಂಡಸು ಎತ್ತಿದನೆಂದು ತಿಳಿದು "ಅವಳಿಗೆ ಕೊಡಿ" ಎಂದೆ. "ನಾನೇ ಕಣೇ" ಎಂದಳು. ಆ ದಿನ ಅವಳು 'ಗೆ' ಕೇಳಲಿಲ್ಲ. ಆಮೇಲೂ ಎಂದೂ ಕೇಳಲಿಲ್ಲ.

ಪಣಜಿಯ ಹಾಡಿನ ಕಂಪನಿಯೊಂದು ನಮ್ಮನ್ನು ಹುಡುಕಿಕೊಂಡು ಬಂದದ್ದು ಅದರ ಮರುವರ್ಷ. ಹಾಡು ಚೆನ್ನಾಗಿದೆ, ಧ್ವನಿಮುದ್ರಣ ಮಾತ್ರ ಹಳೇ ಡಬ್ಬದಲ್ಲಿ ಮಾಡಿದ ಹಾಗಿದೆ, ಹೊಸದಾಗಿ ಹಾಡಿಕೊಡಿ ಎಂದರು. ಆದರೆ ಜನ ಗುರುತು ಹಿಡಿಯುವುದು ಆ ಎತ್ತರದ ಸಾಲಿನಿಂದ, ಅದು ಅಷ್ಟೇ ಎತ್ತರದಲ್ಲಿರಬೇಕು. ಹಳೆಯದರಿಂದ ಅವಳ ದನಿಯನ್ನೇ ಕತ್ತರಿಸಿ ಹಾಕಿ ಎಂದು ಕೇಳಿದೆ. ಆಗಲಿಲ್ಲ. ಒಂದೇ ಮೈಕು, ಅವಳ 'ಗೆ' ಮೇಲೆ ನನ್ನ 'ಬಂತೇ', ಬಿಡಿಸಲು ಬರುವುದೇ ಇಲ್ಲ. "ಆ ಲೈನಿಗೆ ನಾವೇ ಒಂದು ಹುಡುಗಿ ಕೊಡ್ತೇವೆ" ಎಂದ ಕಂಪನಿಯವನು, ಬಾಡಿಗೆಗೆ ಕುರ್ಚಿ ಕೊಡುವವನ ಹಾಗೆ. ನಾನು ಫೋನು ಕುಕ್ಕಿದೆ.

ಕದ್ರಾದವಳಿಗೆ ಸಿಟ್ಟೇ ಬರಲಿಲ್ಲ. "ನೀವಿಬ್ಬರೂ ಹಾಡಿ. ನಾನು ಕೇಳ್ತೇನೆ" ಎಂದು ಫೋನು ಇಟ್ಟುಬಿಟ್ಟಳು. ಅವಳಿಲ್ಲದೆ ಆ ಹಾಡು ಬೇಡವೇ ಬೇಡ ಎಂದು ನನಗಿತ್ತು. ಆ ಭಾನುವಾರ ಮಾಜಾಳಿಯವಳನ್ನೂ ಎಳೆದುಕೊಂಡು ಕದ್ರಾ ಬಸ್ಸು ಹತ್ತಿದೆ. ನದಿ ಒಮ್ಮೆ ಪಕ್ಕದಲ್ಲಿ, ಒಮ್ಮೆ ಮರಗಳ ಹಿಂದೆ, ನಮ್ಮ ಜೊತೆಗೇ ಬಂತು. ನಿದ್ದೆ ಬಂದಂತಾಗಿ ಕಣ್ಣು ಮುಚ್ಚಿದರೆ ನೀರು ಯಾವ ಕಡೆ ಹರಿಯುತ್ತಿದೆ ಎಂಬುದೇ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಅವಳು ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡೇ ಇದ್ದಳು. ನಾನು ಹಾಡಿನ ಮಾತು ತೆಗೆದೆ, ಅವಳು ಸಾರಿನ ಮಾತು ತೆಗೆದಳು. ಮತ್ತೆ ತೆಗೆದೆ. "ಎತ್ಲಿಕ್ಕೆ ಆಗೂದಿಲ್ವೇ ನನಗೆ" ಎಂದಳು, ಅನ್ನ ಕಲಸುತ್ತಲೇ. "ಮೇಲೆ ಏನೂ ಉಳೀಲಿಲ್ಲ. ಕೆಳಗೆ ಮಾತ್ರ ಇದೆ."

ಮಾಜಾಳಿಯವಳು ಬಾಯಿಯಿಂದ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟಳು. "ಅಗೋ, ನೀರು ಬರೀ ಕೆಳಗೇ ಬರ್ತದೆ ಅಂತ ನಿಮಗೆ ಯಾರು ಹೇಳಿದ್ದು? ಕಡಲು ಉಕ್ಕಿ ಭರತಿ ಬಂದಾಗ ಕಾಳಿ ಹಿಂದಕ್ಕೆ ಹತ್ತುದಿಲ್ವಾ? ನಮ್ಮ ದೋಣಿ ಎಲ್ಲ ಅದ್ರ ಮೇಲೇ ಒಳಗೆ ಹೋಗೂದು."

ಕದ್ರಾದವಳ ಕೈ ತಟ್ಟೆಯಲ್ಲೇ ನಿಂತಿತು. "ಹೌದು," ಎಂದಳು ನಿಧಾನಕ್ಕೆ. "ಬೇಸಿಗೇಲಿ ಇಲ್ಲಿ ಕೆಳಗಿನವರ ಬಾವಿ ಉಪ್ಪಾಗ್ತದೆ."

ಹಾಡು ತಿರುಗಿ ನಿಂತದ್ದು ಹಾಗೆ. ಸಮುದ್ರದವಳು ಭರತಿಯ ನೀರು ಹತ್ತಿಸಿ ಕಳಿಸಬೇಕು, ಮೇಲಿನೂರಿನವಳು ಹಿಡಿಯಬೇಕು. ಎತ್ತರದ ಸಾಲು ನನ್ನದು, ತಗ್ಗಿನ ಉತ್ತರ ಅವಳದು. ಕಂಪನಿಯವನಿಗೆ ಎತ್ತರ ಸಿಕ್ಕರೆ ಸಾಕಿತ್ತು, ಒಪ್ಪಿದ. ಅವಳು ಮಾತ್ರ ಬಾಯಿಬಿಟ್ಟು ಬರುತ್ತೇನೆ ಎನ್ನಲಿಲ್ಲ. ಪಣಜಿಯ ಸ್ಟುಡಿಯೋದ ಬಾಗಿಲಲ್ಲಿ ಅವಳನ್ನು ನೋಡುವವರೆಗೂ ನನ್ನ ಜೀವ ಜೀವದಲ್ಲಿರಲಿಲ್ಲ. ಆ ಜೀನ್ಸ್ ಜಾಕೆಟ್ ಹಾಕಿಕೊಂಡು ಬಂದಿದ್ದಳು. ಈಗ ಬಿಗಿಯಾಗಿ ಗುಂಡಿ ಕೂಡುತ್ತಿರಲಿಲ್ಲ.

ಅಲ್ಲಿ ಎಲ್ಲ ಗಾಜು, ಎಲ್ಲ ತಂಪು. ನನ್ನನ್ನು ಒಂದು ಗಾಜಿನ ಗೂಡಿನಲ್ಲಿ, ಅವಳನ್ನು ಪಕ್ಕದ ಗೂಡಿನಲ್ಲಿ ನಿಲ್ಲಿಸಿದರು. ಮಾಜಾಳಿಯವಳು ಹೊರಗೆ ಯಂತ್ರಗಳ ಹತ್ತಿರ ಕೂತಳು. ಕಿವಿಯಲ್ಲಿ ತಾಳ ಶುರುವಾಯಿತು. ಇಷ್ಟು ವರ್ಷ ನಾನು ಹಿಡಿಯುವವಳೇ ಆಗಿದ್ದೆ. ಎತ್ತುವವಳಿಗೆ ಮುಂದೆ ಹಾಡಿಕೊಡುವವರು ಯಾರೂ ಇರುವುದಿಲ್ಲ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಆ ಎತ್ತರದಲ್ಲಿ ಅವಳು ಅಷ್ಟು ದಿನ ಒಬ್ಬಳೇ ನಿಂತಿದ್ದಳು. ಎರಡು ಸಲ ತಾಳ ನನ್ನನ್ನು ಬಿಟ್ಟು ಮುಂದೆ ಹೋಯಿತು. ಗಾಜಿನಾಚೆ ನೋಡಿದೆ. ಅವಳು ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು, ನಮ್ಮ ಮನೆಯ ಹೆಂಗಸರು ಗದ್ದೆಯಲ್ಲಿ ನಿಲ್ಲುವ ಹಾಗೆ.

ಕೆಳಗಿನ ನೀರ ಹತ್ತಿಸಿದೆ ಗೆಳತಿ, ಬಂತೇನೇ ನಿನ್ನ ಬಾಗಿಲಿ...

ದನಿ ತುದಿಯಲ್ಲಿ ನಡುಗಿತು. ಉಸಿರು ಮುಗಿಯುತ್ತ ಬಂತು. ಕೊನೆಯಕ್ಷರ ಇನ್ನೂ ಬಾಯಲ್ಲಿತ್ತು, ಅಷ್ಟರಲ್ಲಿ ಅವಳ ಒರಟು ತಗ್ಗುದನಿ ಅದರ ಮೇಲೇ ಬಂದು ಹಿಡಿಯಿತು. ಶ್ರುತಿ, ಲೆಕ್ಕ, ಶಿಸ್ತು ಎನ್ನುತ್ತಿದ್ದವಳು ಬೇಕೆಂದೇ ಬೇಗ ಬಂದಿದ್ದಳು. ಯಂತ್ರದವನು ನಿಲ್ಲಿಸಲು ಕೈ ಎತ್ತಿದ. ಮಾಜಾಳಿಯವಳು ಆ ಕೈಯನ್ನು ಹಿಡಿದು ಕೆಳಗಿಳಿಸಿದ್ದು ಗಾಜಿನಲ್ಲಿ ಕಂಡಿತು.

"ಬಂತೇ ಬಂತೇ, ಕಾಲು ನೆನೀತೇ" ಎಂದು ಹಾಡಿದಳು ಅವಳು. ಮುಂದಿನ ಮಾತು ನನಗೆ ಗೊತ್ತಿತ್ತು, ಉಪ್ಪಾಗೋ ಮೊದಲು ಕುಡಿದೆನೇ, ಬರೆದದ್ದೇ ನಾನು. ಅವಳು ಅದನ್ನು ಹಾಡಲಿಲ್ಲ. ನನ್ನನ್ನೇ ನೋಡುತ್ತ, "ಉಪ್ಪಿದ್ದರೂ ಕುಡಿದೆನೇ" ಎಂದಳು.