ತಂತಿಗೆ ಹಚ್ಚಿದ ಎಣ್ಣೆ

ಅಪ್ಪ ನನ್ನ ಮೇಲೆ ಕೈ ಎತ್ತಿದ್ದು ಜೀವನದಲ್ಲಿ ಒಂದೇ ಸಲ, ಅದೂ ಆಯುಧಪೂಜೆಯ ದಿನ. ಹಾಗೇ ಆಗಬೇಕಿತ್ತು ನನಗೆ.

ಯಲಹಂಕದ ಹಳೇ ಊರಿನಲ್ಲಿ ಮನೆಗೆ ಅಂಟಿಕೊಂಡೇ ಅಪ್ಪನ ಲೇತ್ ಶೆಡ್ಡು. ಆಗ ನನಗೆ ಇಪ್ಪತ್ತು. ನಾಲ್ಕು ವರ್ಷದಿಂದ ಗಿಟಾರ್ ಕಲಿಯುತ್ತಿದ್ದೆ. ಅಪ್ಪನ ಬಾಯಲ್ಲಿ ಅದು "ಆ ಡಬ್ಬ". ಹಬ್ಬದ ಮರುದಿನ ಸಂಜಯನಗರದ ಸಂಗೀತ ಶಾಲೆಯೊಂದರಲ್ಲಿ ನುಡಿಸಿ ತೋರಿಸಬೇಕಿತ್ತು. ಒಪ್ಪಿಗೆಯಾದರೆ ಮಕ್ಕಳಿಗೆ ಕಲಿಸುವ ಕೆಲಸ.

ನೈಲಾನ್ ತಂತಿ ಹೊಸದಾಗಿ ಹಾಕಿದರೆ ನಾಲ್ಕೈದು ದಿನ ಹಿಗ್ಗುತ್ತಲೇ ಇರುತ್ತದೆ, ಬಿಗಿದಷ್ಟೂ ಸಡಿಲ. ಅದಕ್ಕೇ ವಾರ ಮೊದಲೇ ಆರೂ ತಂತಿ ಬದಲಿಸಿ, ದಿನಕ್ಕೆ ಹತ್ತು ಸಲ ಬಿಗಿದು, ಅಂತೂ ಶ್ರುತಿ ನಿಲ್ಲುವ ಹಾಗೆ ಮಾಡಿದ್ದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಬೆವರು ಒರೆಸಿದರೆ ಸಾಕು, ಬೇರೆ ಆರೈಕೆ ಬೇಡ. ದಪ್ಪ ತಂತಿ ಮೂರಕ್ಕೆ ಕೂದಲೆಳೆಯಂಥ ಲೋಹದ ಸುತ್ತು ಇರುತ್ತದೆ. ಅದರೊಳಗೆ ಜಿಡ್ಡು ಇಳಿದರೆ ನಾದ ಸತ್ತ ಹಾಗೇ.

ಹಬ್ಬದ ದಿನ ಹೂವು ಹಿಡಿದು ಶೆಡ್ಡಿಗೆ ಕಾಲಿಟ್ಟೆ. ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು ಎಲ್ಲ ಎಣ್ಣೆ ಬಳಿದು, ಕುಂಕುಮ ಇಟ್ಟು ಸಾಲಾಗಿ ಜೋಡಿಸಿಟ್ಟಿದ್ದರು. ಸಾಲಿನ ಮೊದಲಿಗೆ ನನ್ನ ಗಿಟಾರ್. ಆರೂ ತಂತಿಗೆ ಮೆಷಿನ್ ಎಣ್ಣೆ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಕಣಮ್ಮ. ತುಕ್ಕು ಹಿಡೀಬಾರ್ದು ನೋಡು," ಅಂದರು ಅಪ್ಪ, ನಗುತ್ತಾ.

ಆ ನಗು ನನಗೆ ಗೇಲಿಯಂತೆ ಕಂಡಿತು. ಸಿಟ್ಟು ನೆತ್ತಿಗೇರಿತು.

"ನೈಲಾನ್‌ಗೆ ಎಲ್ಲಾದ್ರೂ ತುಕ್ಕು ಹಿಡಿಯತ್ತಾ? ಕಬ್ಬಿಣ ಬಿಟ್ರೆ ನಿಂಗೇನ್ ಗೊತ್ತು?" ಎಂದು ಏಕವಚನದಲ್ಲೇ ಕಿರುಚಿ, ಸಾಲಿನಲ್ಲಿದ್ದ ಪ್ಲೇಯರನ್ನು ಎತ್ತಿಕೊಂಡೆ.

ಪೂಜೆಗಿಟ್ಟ ಆಯುಧವನ್ನು ಅವತ್ತು ಯಾರೂ ಬಳಸುವುದಿಲ್ಲ. ಬಿಗಿದ ತಂತಿಯನ್ನು ಸಡಿಲಿಸದೆ ಕತ್ತರಿಸಬಾರದೆಂಬುದೂ ನನಗೆ ಗೊತ್ತಿತ್ತು. ಕತ್ತರಿಸಿದೆ. ಒಂದು, ಎರಡು, ಮೂರು. ತಡೆಯಲು ಅಪ್ಪ ಬಗ್ಗಿದರು. ನಾಲ್ಕನೆಯದು ಚಾಟಿಯ ಹಾಗೆ ಸಿಡಿದು ಅವರ ಕಣ್ಣಿನ ಕೆಳಗೆ ಸೀಳಿತು. ರಕ್ತ ಗಲ್ಲದವರೆಗೆ ಇಳಿಯಿತು. ಅದನ್ನು ನೋಡಿಯೂ ಐದನೆಯದನ್ನು ಕತ್ತರಿಸಿದೆ. ಆಗ ಬಿತ್ತು ಏಟು. ಲೇತ್ ತಿರುಗಿಸಿದ ಕೈ. ಹೋಗಿ ಬೂದುಗುಂಬಳದ ಮೇಲೆ ಬಿದ್ದೆ. ತುಟಿ ಒಡೆಯಿತು.

ಅಮ್ಮ ಓಡಿ ಬಂದು ಸೆರಗಿನಿಂದ ಅಪ್ಪನ ಮುಖ ಒತ್ತಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅನ್ನ ಹಾಕೋ ಸಾಮಾನು ಮಾತ್ರ ಈ ಸಾಲಲ್ಲಿ ಇಡೋದು ಅಂತ ಗೊತ್ತಿಲ್ವೇನೇ? ನಾಳೆ ಮಗಳಿಗೆ ಕೆಲಸ ಸಿಗತ್ತೆ ಅಂತ ಬೆಳಿಗ್ಗೆಯಿಂದ ಅದನ್ನೇ ಒರೆಸ್ತಾ ಕೂತಿದ್ರು."

ಅಪ್ಪ ಒಂದು ಸಲ ಇದನ್ನು ಕೆಲಸ ಅಂತ ಒಪ್ಪಿಕೊಳ್ಳಲಿ ಎಂದು ನಾಲ್ಕು ವರ್ಷ ಕಾದಿದ್ದೆ. ಒಪ್ಪಿದ ದಿನವೇ ಅವರ ಮುಖ ಸೀಳಿದ್ದೆ.

ಮರುದಿನ ಬೀರುವಿನಲ್ಲಿದ್ದ ಇನ್ನೊಂದು ಸೆಟ್ ತಂತಿ ಹಾಕಿಕೊಂಡು ಹೋದೆ. ನಡುವೆ ಎರಡು ಸಲ ನಿಲ್ಲಿಸಿ ಶ್ರುತಿ ಮಾಡಿಕೊಳ್ಳಬೇಕಾಯಿತು. ಆದರೂ ಕೆಲಸ ಕೊಟ್ಟರು. ಮನೆಗೆ ಬಂದು ಅಪ್ಪನ ಕಾಲು ಹಿಡಿದು ತಪ್ಪಾಯಿತೆಂದೆ. ಅವರ ಒಂದು ಕಣ್ಣು ಊದಿ ಮುಚ್ಚಿತ್ತು. "ಒಳ್ಳೇದಾಯ್ತು ಬಿಡು," ಎಂದು ತಲೆ ಸವರಿದರು. ಒಮ್ಮೆ ಮುಟ್ಟಲಿ ಎಂದು ಗಿಟಾರನ್ನು ಅವರ ಮುಂದೆ ಹಿಡಿದೆ. ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡರು.

"ಬೇಡಮ್ಮ. ನಂಗೆ ಗೊತ್ತಾಗಲ್ಲ ಅದೆಲ್ಲ."