ಮಜ್ಜಿಗೆ ಅಂದರೆ ಎಡಕ್ಕೆ

ರೈಲು ಆಲಪ್ಪುಳ ದಾಟಿದ ಮೇಲೆ ಸುಮ್ಮನೆ ಒಂದು ಗಂಟೆ ನಿಲ್ಲಬಹುದಿತ್ತು. ಬೆಳಿಗ್ಗೆ ತಿಂದ ಮೊಟ್ಟೆ ಕರಿ ಮಗಳ ಹೊಟ್ಟೆ ಕೆಡಿಸಬಹುದಿತ್ತು. ಬೂಟಿನ ಅಡಿ ಕಿತ್ತು ಬರಬಹುದಿತ್ತು. ಕಾಲೇಜಿನ ಗುರುತಿನ ಚೀಟಿ ಮನೆಯ ಫ್ರಿಜ್ಜಿನ ಮೇಲೆಯೇ ಉಳಿದು, ಗೇಟಿನಲ್ಲಿ ಅವಳನ್ನು ತಡೆಯಬಹುದಿತ್ತು. ತಿರುವನಂತಪುರದಲ್ಲಿ ಮಳೆ ಹೊಡೆದು, ಸ್ಟೇಡಿಯಮ್ಮಿನ ಸೂರು ಸೋರಿ, ಯಾರ ಕಣ್ಣಿಗೂ ಬೀಳದ ಒಂದು ಹನಿ ಕೋರ್ಟಿನ ಮೇಲೆ ಕಾದು ಕೂತಿರಬಹುದಿತ್ತು. ರೆಫರಿ ಮನೆಯಲ್ಲಿ ಜಗಳವಾಡಿ ಬಂದಿರಬಹುದಿತ್ತು. ಮೊದಲರ್ಧದಲ್ಲೇ ಐದು ಫೌಲ್ ಆಗಿ ಮಗಳು ಹೊರಗೆ ಕೂರಬಹುದಿತ್ತು. ಕೋಚ್‌ಗೆ ಜ್ವರ ಬರಬಹುದಿತ್ತು. ನನಗೇ ಬರಬಹುದಿತ್ತು. ಎದುರು ತಂಡದಲ್ಲಿ ಆರಡಿ ಎತ್ತರದವಳೊಬ್ಬಳಿದ್ದು, ಅವಳ ಮೊಣಕೈ ಸರಿಯಾಗಿ ನನ್ನ ಮಗಳ ಮೂಗಿನ ಮಟ್ಟಕ್ಕೆ ಬರಬಹುದಿತ್ತು.

ಇದನ್ನೆಲ್ಲ ನೆನಪಿನಿಂದ ಹೇಳುತ್ತಿಲ್ಲ. ಎರ್ನಾಕುಲಂನಿಂದ ರೈಲು ಹೊರಟ ಹತ್ತು ನಿಮಿಷಕ್ಕೆ, ಬ್ಯಾಗಿನಲ್ಲಿ ಸಿಕ್ಕ ಖಾಲಿ ಚಲನ್ ಒಂದರ ಹಿಂಬದಿಯಲ್ಲಿ ನಂಬರ್ ಹಾಕಿ ಬರೆದಿದ್ದೆ. ಬ್ಯಾಂಕಿನ ನೌಕರಿಯಲ್ಲಿರುವವಳ ಬ್ಯಾಗಿನಲ್ಲಿ ಬೇರೇನು ಸಿಗುತ್ತದೆ. ಒಟ್ಟು ಹದಿನಾಲ್ಕು. ಬರೆದಿಟ್ಟದ್ದು ನಡೆಯುವುದಿಲ್ಲ ಎಂಬುದು ನನ್ನ ಹಳೆಯ ನಂಬಿಕೆ. ಹದಿನಾಲ್ಕನೆಯದಕ್ಕೆ ಕೈ ಬರದೆ ಕೊಲ್ಲಂ ತನಕ ಪೆನ್ನು ಹಿಡಿದು ಕೂತಿದ್ದೆ. ಆಮೇಲೆ ಚಿಕ್ಕ ಅಕ್ಷರದಲ್ಲಿ ಬರೆದೆ: ಎಡ ಮೊಣಕಾಲು.

ಅದರ ಹಿಂದಿನ ವರ್ಷ, ಬಾಸ್ಕೆಟ್‌ಬಾಲ್ ಅಭ್ಯಾಸದ ಆಟದಲ್ಲಿ ಹಾರಿ ಇಳಿಯುವಾಗ ಮಗಳ ಎಡ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಷನ್, ವಾಕರ್, ಫಿಸಿಯೋ. ಮನೆಯ ಹಾಲ್‌ನಲ್ಲಿ ಅವಳು ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುವಾಗ, ಅಡುಗೆಮನೆಯಲ್ಲಿ ನಾನು ಅವಳ ಹೆಜ್ಜೆಗಳನ್ನು ಎಣಿಸುತ್ತಾ ನಿಲ್ಲುತ್ತಿದ್ದೆ. ಕೊನೆಗೆ ಆಡಬಹುದು ಎಂದ ಡಾಕ್ಟರು ಇನ್ನೊಂದು ಮಾತನ್ನೂ ಸೇರಿಸಿದರು: ಇನ್ನೊಮ್ಮೆ ಹೋದರೆ ಕೋರ್ಟನ್ನು ಮರೆತುಬಿಡಬೇಕು. ತಿರುವನಂತಪುರದ ಈ ಪಂದ್ಯ ಅವಳ ಕಾಲೇಜಿನ ಕೊನೆಯ ಪಂದ್ಯ. ಫೈನಲ್ ಕೂಡ ಅಲ್ಲ, ಮೂರನೇ ಸ್ಥಾನಕ್ಕೆ. ಅವಳಿಗೆ ಬೇಕಾಗಿದ್ದದ್ದು ಒಂದೇ. ಕೊನೆಯ ಸೀಟಿ ಊದುವಾಗ ತಾನು ಕೋರ್ಟಿನಲ್ಲಿ, ತನ್ನ ಕಾಲ ಮೇಲೆಯೇ ನಿಂತಿರಬೇಕು ಎಂದಿದ್ದಳು. ಗೆಲುವಿನ ಮಾತೇ ಎತ್ತಿರಲಿಲ್ಲ.

ಕೆಟ್ಟ ಕಾಲು ಯಾವುದೆಂದು ಎದುರಾಳಿಗಳಿಗೆ ತಿಳಿಯದಿರಲಿ ಎಂದು ಅವಳು ಎರಡೂ ಮೊಣಕಾಲಿಗೆ ಒಂದೇ ಥರದ ಕಪ್ಪು ಪಟ್ಟಿ ಹಾಕುತ್ತಿದ್ದಳು. ಈ ಗುಟ್ಟು ಗೊತ್ತಿದ್ದದ್ದು ತಂಡಕ್ಕೆ, ಕೋಚ್‌ಗೆ, ಮನೆಯಲ್ಲಿ ನಮಗೆ. ನನ್ನ ಗಂಡ ಪಂದ್ಯಗಳಿಗೆ ಬರುವುದಿಲ್ಲ. "ನೀನು ಹೋದರೆ ಸಾಕು. ಇಬ್ಬರಿಗೆ ಆಗುವಷ್ಟು ಹೆದರಿಕೆ ನಿನ್ನೊಬ್ಬಳಲ್ಲೇ ಇದೆ" ಎನ್ನುತ್ತಾರೆ.

ನಾನು ಮಾತ್ರ ಮೂರು ವರ್ಷ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಪಾಲಾರಿವಟ್ಟಂನ ನಮ್ಮ ಶಾಖೆಯಲ್ಲಿ ನನ್ನ ರಜೆ ಅರ್ಜಿ ನೋಡಿದರೆ ಮ್ಯಾನೇಜರ್ ಕಾರಣ ಓದುತ್ತಲೇ ಇರಲಿಲ್ಲ, "ಇವತ್ತು ಯಾವ ಕಾಲೇಜಿನ ಜೊತೆ?" ಎಂದು ಕೇಳುತ್ತಿದ್ದರು. ಮೊದಲ ಪಂದ್ಯದ ದಿನ ನನಗೆ ಈ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಎರ್ನಾಕುಲಂನಲ್ಲಿ ಅವರ ಕಾಲೇಜಿನದೇ ಕೋರ್ಟು. ಮಗಳು ಚೆಂಡು ಕುಟ್ಟುತ್ತಾ ನಿಂತಿದ್ದಾಳೆ, ಒಬ್ಬಳು ಹಿಂದಿನಿಂದ ಕಳ್ಳಬೆಕ್ಕಿನ ಹಾಗೆ ಬರುತ್ತಿದ್ದಾಳೆ. ನನ್ನ ಬಾಯಿ ತಾನಾಗಿಯೇ ತೆರೆಯಿತು. "ಹಿಂದೆ ಬರ್ತಿದ್ದಾಳೆ ನೋಡೇ!"

ಮಗಳು ಗಕ್ಕನೆ ತಿರುಗಿದಳು. ಚೆಂಡು ಉಳಿಯಿತು. ಮನೆಯಲ್ಲಿ ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುವ ಹುಡುಗಿ, ಹೇಳಿದ ಕೂಡಲೇ ಕೇಳಿದ್ದು ಅದೇ ಮೊದಲು. ಪಂದ್ಯ ಮುಗಿದ ಮೇಲೆ ಕೋಚ್ ನನ್ನ ಬಳಿ ಬಂದು, "ಚೇಚಿ, ನಿಮ್ಮ ಭಾಷೆ ಎದುರಿನವರಿಗೆ ತಿಳಿಯಲಿಲ್ಲ. ಮುಂದಿನ ಸಲ ನಮ್ಮ ಬೆಂಚಿನ ಹಿಂದೆಯೇ ಕೂತುಕೊಳ್ಳಿ" ಎಂದರು. ನನ್ನನ್ನು ಅಕ್ಕ ಎಂದು ಕರೆದು ಯಾರೂ ಅಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ.

ಎರಡನೇ ಪಂದ್ಯದಲ್ಲೇ ತೊಡಕು ಗೊತ್ತಾಯಿತು. ನಮ್ಮ ಎಡ, ಬಲ ಮಲಯಾಳದ ಇಡತ್, ವಲತ್‌ಗೆ ತೀರಾ ಹತ್ತಿರದ ನೆಂಟರು. ನಾನು ಎಡ ಎಂದರೆ ಎದುರು ತಂಡವೂ ಎಡಕ್ಕೆ ಓಡುತ್ತಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮಗಳು ಸೇರಿ ಹೊಸ ಭಾಷೆ ಕಟ್ಟಿದೆವು. ಮಜ್ಜಿಗೆ ಅಂದರೆ ಎಡಕ್ಕೆ. ಬೆಲ್ಲ ಅಂದರೆ ಬಲಕ್ಕೆ. ಒಗ್ಗರಣೆ ಅಂದರೆ ಹಿಂದಿನಿಂದ ಯಾರೋ ಬರುತ್ತಿದ್ದಾರೆ. ತಂಡದ ಉಳಿದ ನಾಲ್ವರೂ ಒಂದೇ ವಾರದಲ್ಲಿ ಕಲಿತರು. ತ್ರಿಶ್ಶೂರಿನ ಹುಡುಗಿಯೊಬ್ಬಳು ಒಗ್ಗರಣೆ ಎಂಬ ಮಾತನ್ನು ನನಗಿಂತ ಖಾರವಾಗಿ ಕೂಗುತ್ತಿದ್ದಳು.

ಮೂರು ವರ್ಷ ಇದು ನಡೆಯಿತು. ಕೇರಳದಲ್ಲಿ ಕನ್ನಡ ಯಾರಿಗೆ ಗೊತ್ತಾಗಬೇಕು ಎಂಬ ಧೈರ್ಯ. ಕಾಸರಗೋಡು ಕೇರಳದಲ್ಲೇ ಇದೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಅಲ್ಲಿಯ ಶಾಖೆಗೆ ವಾರಕ್ಕೆರಡು ಸಲ ಫೋನ್ ಮಾಡಿ, ನಾನೇ ಕನ್ನಡದಲ್ಲಿ ಹರಟೆ ಹೊಡೆಯುತ್ತೇನೆ. ಹದಿನಾಲ್ಕು ಅನಿಷ್ಟಗಳನ್ನು ಊಹಿಸಿದ ತಲೆಗೆ ಆ ಜಿಲ್ಲೆ ಮಾತ್ರ ಹೊಳೆಯಲಿಲ್ಲ.

ತಿರುವನಂತಪುರದಲ್ಲಿ ಮಳೆ ಬರಲಿಲ್ಲ. ಸೂರು ಸೋರಲಿಲ್ಲ. ರೆಫರಿ ಸಮಾಧಾನದ ಮನುಷ್ಯ. ಗ್ಯಾಲರಿಯಲ್ಲಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿಯ ಎಣ್ಣೆ ವಾಸನೆ, ಯಾರದೋ ಡ್ರಮ್ಮು. ನಾನು ನಮ್ಮ ಬೆಂಚಿನ ಹಿಂದೆ, ಮೊದಲ ಸಾಲಿನಲ್ಲಿ, ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಎದುರು ತಂಡದಲ್ಲಿ ಆರಡಿಯವಳು ಇರಲಿಲ್ಲ. ಮಗಳನ್ನು ತಡೆಯಲು ಬಂದವಳು ಒಂಬತ್ತನೇ ನಂಬರಿನ ಒಬ್ಬ ಕುಳ್ಳಿ. ನಾನು ಮಜ್ಜಿಗೆ, ಬೆಲ್ಲ ಎಂದಾಗಲೆಲ್ಲ ಅವಳು ನನ್ನತ್ತ ಒಮ್ಮೆ ನೋಡಿ ನಗುತ್ತಿದ್ದಳು. ಚೆಲುವಾದ ನಗು ಎಂದುಕೊಂಡೆ.

ಮೂರು ಕ್ವಾರ್ಟರ್ ಉದ್ದಕ್ಕೂ ನಾನು ಸ್ಕೋರ್ ಬೋರ್ಡು ನೋಡಿದ್ದು ಕಡಿಮೆ. ಮಗಳು ಹಾರಿದಾಗಲೆಲ್ಲ ನನ್ನ ಕಣ್ಣು ಅವಳ ಜೊತೆ ಮೇಲೆ ಹೋಗದೆ, ಅವಳು ಇಳಿಯುವ ಜಾಗದಲ್ಲಿ ಮೊದಲೇ ಹೋಗಿ ಕಾಯುತ್ತಿತ್ತು. ಎಡಗಾಲು ನೆಲ ಮುಟ್ಟಿತು, ನಿಂತಿತು. ಉಸಿರು. ಮತ್ತೆ ಹಾರಿದಳು, ಮುಟ್ಟಿತು, ನಿಂತಿತು. ಉಸಿರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನಗೆ ಆಸ್ತಮಾ ಇದೆಯೇ ಎಂದು ವಿಚಾರಿಸಿದಳು.

ಕೊನೆಯ ಕ್ವಾರ್ಟರ್. ಒಂದೂವರೆ ನಿಮಿಷ ಬಾಕಿ. ನಾವು ಒಂದು ಪಾಯಿಂಟ್ ಮುಂದೆ. ಚೆಂಡು ಮಗಳ ಕೈಯಲ್ಲಿ. ಅವಳು ಸರಕ್ಕನೆ ನಿಂತಾಗ ಎಡಗಾಲು ಒಂದು ಕ್ಷಣ ಒಳಕ್ಕೆ ವಾಲಿದಂತೆ ಕಂಡಿತು. ವಾಲಿತೋ, ನನ್ನ ಕಣ್ಣೇ ವಾಲಿತೋ. ಮಜ್ಜಿಗೆ, ಬೆಲ್ಲ ಎಲ್ಲ ತಲೆಯಿಂದ ಹಾರಿಹೋಯಿತು. ಎದ್ದು ನಿಂತು ಇಡೀ ಸ್ಟೇಡಿಯಮ್ಮಿಗೆ ಕೇಳುವಂತೆ ಕಿರುಚಿದೆ: "ಎಡಗಾಲು ಊರಬೇಡ್ವೇ! ಮೊಣಕಾಲು ಹೋಗತ್ತೆ! ಬಲಕ್ಕೇ ತಿರುಗು!"

ಒಂಬತ್ತನೇ ನಂಬರಿನವಳು ಈ ಸಲ ನಗಲಿಲ್ಲ. ಮಗಳ ಎಡ ಮೊಣಕಾಲನ್ನು ನೋಡಿದಳು. ಮಗಳು ಬಲಕ್ಕೆ ತಿರುಗುವ ಮೊದಲೇ ಆ ಜಾಗದಲ್ಲಿ ಹೋಗಿ ನಿಂತಿದ್ದಳು. ಚೆಂಡು ಕಿತ್ತು, ಓಡಿ, ರಿಂಗಿಗೆ ಹಾಕಿ ಬಂದಳು. ಎರಡು ಪಾಯಿಂಟ್. ಈಗ ನಾವು ಒಂದು ಹಿಂದೆ.

ಮಗಳು ನನ್ನ ಕಡೆ ತಿರುಗಿ, "ಅಮ್ಮೇ, ಒನ್ನು ಮಿಂಡಾದಿರಿಕ್ಕೋ!" ಎಂದಳು. ಸ್ವಲ್ಪ ಬಾಯಿ ಮುಚ್ಚಿಕೊಂಡಿರಮ್ಮಾ ಎಂದು. ನಮ್ಮ ಬೆಂಚಿನವರೆಲ್ಲ ತಿರುಗಿ ನೋಡಿದರು. ಕೋಚ್ ಮಾತ್ರ ನೋಡಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ನಾನು ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತೆ.

ಅಲ್ಲಿಂದ ಮುಂದೆ ಆ ಹುಡುಗಿ ಬಲಗಡೆಯನ್ನು ಬಿಟ್ಟು ಕದಲಲಿಲ್ಲ. ದಾರಿ ಬಿಟ್ಟದ್ದು ಎಡಕ್ಕೆ ಮಾತ್ರ. ಹೋಗುವುದಿದ್ದರೆ ಆ ಕಾಲನ್ನೇ ಊರಿ ಹೋಗು ಎನ್ನುವ ಹಾಗೆ. ಕೆಟ್ಟದ್ದೇನೂ ಮಾಡಲಿಲ್ಲ, ಕೈ ಸಹ ತಾಗಿಸಲಿಲ್ಲ. ನಾನು ಕೊಟ್ಟ ಮಾಹಿತಿಯನ್ನು ಬಳಸಿದಳು, ಅಷ್ಟೆ. ಎರಡು ಸಲ ಮಗಳು ಚೆಂಡನ್ನು ಬೇರೆಯವರಿಗೆ ಕೊಟ್ಟು ತಪ್ಪಿಸಿಕೊಂಡಳು. ಆದರೆ ಏಳು ಸೆಕೆಂಡ್ ಉಳಿದಾಗ ಚೆಂಡು ಸುತ್ತಿ ಬಳಸಿ ಅವಳ ಕೈಗೇ ಬಂತು. ಕೊಡಲು ಯಾರೂ ಖಾಲಿ ಇರಲಿಲ್ಲ. ಬಲಕ್ಕೆ ಒಂಬತ್ತು. ಎಡಕ್ಕೆ ಖಾಲಿ.

ಅವಳು ಎಡಕ್ಕೆ ಹೋದಳು. ಮೂರು ಹೆಜ್ಜೆ. ಎಡಗಾಲು ಊರಿ, ಆಪರೇಷನ್ ಆದ ಮೇಲೆ ಒಮ್ಮೆಯೂ ಊರದಷ್ಟು ಬಲವಾಗಿ ಊರಿ, ಹಾರಿದಳು. ನನ್ನ ಹಲ್ಲಿನ ನಡುವೆ ದುಪಟ್ಟಾ ಹರಿದ ಸದ್ದು ಕೇಳಿಸಿತು. ನನ್ನ ಕಣ್ಣು ನೆಲದಲ್ಲಿ. ಎಡಗಾಲು ಇಳಿಯಿತು. ಬಾಗಿತು. ನಿಂತಿತು. ಎರಡೂ ಕಾಲು ನೆಟ್ಟಗೆ.

ಸೀಟಿ. ಅರ್ಧ ಗ್ಯಾಲರಿ "ಅಯ್ಯೋ" ಎಂದಿತು. ನನಗೆ ಅರ್ಥವಾಗಲಿಲ್ಲ. ಅಯ್ಯೋ ಎನ್ನಲು ಏನಾಗಿದೆ, ನಿಂತಿದ್ದಾಳಲ್ಲ! ಎದ್ದು ಚಪ್ಪಾಳೆ ತಟ್ಟಿದೆ. ನಮ್ಮ ಕಡೆಯಲ್ಲಿ ತಟ್ಟುತ್ತಿದ್ದವಳು ನಾನೊಬ್ಬಳೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚೆಂಡು ರಿಂಗಿನ ಮೇಲೆ ಎರಡು ಸುತ್ತು ಹೊಡೆದು ಹೊರಗೆ ಬಿತ್ತಂತೆ. ಆಮೇಲೆ ಪಕ್ಕದ ಆಸ್ತಮಾ ಹೆಂಗಸು ಹೇಳಿದಳು.

ಕೈಕುಲುಕುವ ಸಾಲು ಮುಗಿಸಿ ಒಂಬತ್ತನೇ ನಂಬರಿನವಳು ನೇರ ನನ್ನ ಹತ್ತಿರ ಬಂದಳು. ಬೆವರು ಒರೆಸಿಕೊಳ್ಳುತ್ತಾ, ಅಚ್ಚ ಕಾಸರಗೋಡಿನ ಕನ್ನಡದಲ್ಲಿ, "ಆಂಟಿ, ನೀವು ಮಜ್ಜಿಗೆ, ಬೆಲ್ಲ ಅಂತ ಕೂಗುವಾಗ ಪಾಪ, ಇವರಿಗೆ ಹಸಿವಾಗಿದೆ ಅಂತ ಎಣಿಸಿದ್ದೆ" ಎಂದಳು. "ಮತ್ತೆ ಮೊಣಕಾಲು ಅಂದಿರಿ. ಕಿವಿಗೆ ಬಿದ್ದ ಮೇಲೆ ಬಿಡ್ಲಿಕ್ಕೆ ಆಗ್ತದಾ? ಬೇಜಾರು ಮಾಡಬೇಡಿ."

"ನಿಂದೇನೂ ತಪ್ಪಿಲ್ಲ ಕಣಮ್ಮಾ" ಎಂದೆ.

"ಕಾಲು ಗಟ್ಟಿ ಉಂಟು ಅವಳದ್ದು. ನೀವು ಸುಮ್ಮನೆ ಹೆದರುವುದು."

ಸಂಜೆಯ ರೈಲಿನಲ್ಲಿ ಮಗಳು ಎದುರು ಸೀಟಿನ ಮೇಲೆ ಕಾಲು ಚಾಚಿ ಕೂತಿದ್ದಳು. ವರ್ಕಲ ಬಂತು. ಆಗ ಅವಳೇ ಕೈಚಾಚಿ, ಬೆಳಿಗ್ಗೆ ನಾನು ಬರೆಯುತ್ತಿದ್ದ ಚಲನ್ ಕೇಳಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಒಂದೊಂದಾಗಿ ಓದಿದೆ. ರೈಲು ನಿಲ್ಲುವುದು. "ನಡನ್ನಿಲ್ಲ" ಎಂದಳು, ನಡೆಯಲಿಲ್ಲ ಎಂದು. ಮೊಟ್ಟೆ ಕರಿ. ನಡನ್ನಿಲ್ಲ. ಬೂಟು, ಚೀಟಿ, ಸೂರು, ರೆಫರಿ. ಅಷ್ಟು ಹೊತ್ತಿಗೆ ಅವಳಿಗೆ ನಗು ಬಂದಿತ್ತು. ಹದಿನಾಲ್ಕು, ಎಡ ಮೊಣಕಾಲು. ಅವಳು ಕಾಲನ್ನು ನಿಧಾನಕ್ಕೆ ಮಡಚಿದಳು, ಚಾಚಿದಳು, ಇನ್ನೊಮ್ಮೆ ಮಡಚಿದಳು.

"ನಡನ್ನಿಲ್ಲ."

ಸೋಲು ಎಂಬುದನ್ನು ಆ ಪಟ್ಟಿಯಲ್ಲಿ ಬರೆಯಲು ನನಗೆ ಹೊಳೆದೇ ಇರಲಿಲ್ಲ. ಚಲನ್ ಮಡಚಲು ಹೋದೆ. ಮಗಳು ಬಿಡಲಿಲ್ಲ, ಪೆನ್ನನ್ನು ನನ್ನ ಬೆರಳ ನಡುವೆ ಸಿಕ್ಕಿಸಿದಳು.

"ಪದಿನಂಜು," ಎಂದಳು. "ಎಳುದಿಕ್ಕೋ."

ಹದಿನೈದು ಎಂದು ಬರೆದೆ. ಅದರ ಮುಂದೆ: ಎರಡು ಪಾಯಿಂಟ್. ನನ್ನ ಬಾಯಿ.